ವ್ರಣಚಿಕಿತ್ಸೆಯಲ್ಲಿ ಮಧು: ಜೈನ ವೈದ್ಯಕೃತಿಗಳ ಒಂದು ಪಾಠವಿಚಾರ

ಕನ್ನಡ ನಾಡಿನ ಜೈನ ವೈದ್ಯಸಾಹಿತ್ಯವನ್ನು ಕುರಿತು ಬರೆಯುವವರು ‘ಮದ್ಯ-ಮಾಂಸ-ಮಧುವರ್ಜಿತ’ ಎಂಬ ವಿಶೇಷಣವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಈ ಮಾತು ಪ್ರಶಂಸೆಯಾಗಿ ಹುಟ್ಟಿದ್ದು ಕ್ರಮೇಣ ಪ್ರಮಾಣವಾಗಿ ಪರಿಣಮಿಸಿದೆ. ಜೇನು ಕಾಣಿಸದ ವೈದ್ಯಗ್ರಂಥ ಜೈನಕೃತವೆಂದೂ, ಜೇನು ಕಾಣಿಸಿದ ಕಡೆ ಅದು ಅನ್ಯರ ಪ್ರಕ್ಷೇಪವೆಂದೂ ನಿರ್ಣಯಿಸುವುದು ಈ ವಿಶೇಷಣದ ಬಲದಿಂದ ಸುಲಭವಾಗಿ ತೋರುತ್ತದೆ. ಆದರೆ ಮೂರು ‘ಮ’ಕಾರಗಳಲ್ಲಿ ಮದ್ಯ ಮಾಂಸಗಳ ಸ್ಥಿತಿ ಬೇರೆ, ಮಧುವಿನ ಸ್ಥಿತಿ ಬೇರೆ. ಮದ್ಯ ಮಾಂಸಗಳನ್ನು ಕೈಬಿಟ್ಟರೂ ವ್ರಣಚಿಕಿತ್ಸೆ ಬಹುಮಟ್ಟಿಗೆ ನಡೆಯುತ್ತದೆ. ಮಧುವನ್ನು ಕೈಬಿಟ್ಟರೆ ಅದರ ಶೋಧನ-ರೋಪಣ ಯೋಗಗಳಲ್ಲಿ ಒಂದು ಮುಖ್ಯ ದ್ರವ್ಯವೇ ಹೋದಂತಾಗುತ್ತದೆ. ಆದುದರಿಂದ ಈ ವಿಶೇಷಣದ ಸತ್ಯಾಸತ್ಯತೆಯನ್ನು ಒರೆಗೆ ಹಚ್ಚಿ ನೋಡಲು ವ್ರಣಪ್ರಕರಣಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲ.

ಈ ವಿಚಾರಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಲೆನಾಡು ವಿಶೇಷವಾಗಿ ಒದಗಿಬರುತ್ತದೆ. ಒಂದು ಕಡೆ ಹೊಸನಗರ ತಾಲ್ಲೂಕಿನ ಹುಂಚ, ಅಂದರೆ ಸಾಂತರರ ಪೊಂಬುಚ್ಚ. 1077ರ ಶಾಸನದಿಂದ ಪ್ರಸಿದ್ಧವಾದ ಪಂಚಕೂಟ ಬಸದಿ, ಪದ್ಮಾವತಿ ಸನ್ನಿಧಿ ಮತ್ತು ಜೈನ ಮಠಗಳಿಂದ ಶ್ರಾವಕಾಚಾರದ ಪರಂಪರೆ ಅಲ್ಲಿ ಬೇರೂರಿದೆ. ತೀರ್ಥಹಳ್ಳಿಯ ಕಡೆ ಮೇಳಿಗೆಯ ಅನಂತನಾಥ ಬಸದಿ ಇದೆ. ಮತ್ತೊಂದು ಕಡೆ ಸಾಗರ ತಾಲ್ಲೂಕಿನ ಕೆಳದಿ ಇಕ್ಕೇರಿಗಳು. ‘ಶಿವತತ್ತ್ವರತ್ನಾಕರ’ದಂತಹ ಸಂಸ್ಕೃತ ವಿಶ್ವಕೋಶವನ್ನು 18ನೆಯ ಶತಮಾನದ ಆರಂಭದಲ್ಲಿ ರಚಿಸಿದ ಬಸವಪ್ಪನಾಯಕನ ರಾಜ್ಯಕ್ಕೆ ಮೂಲವಾದ ಸ್ಥಳಗಳು. ಘಟ್ಟದ ಕೆಳಗೆ ನಗಿರೆಯ ರಾಜ್ಯವಿತ್ತು. ‘ವೈದ್ಯಸಾಂಗತ್ಯ’ವನ್ನು ಬರೆದ ಜೈನಕವಿ ಸಾಳ್ವನಿಗೆ 16ನೆಯ ಶತಮಾನದಲ್ಲಿ ಆಶ್ರಯ ದೊರೆತದ್ದು ಅಲ್ಲಿ. ಇವೆಲ್ಲದರ ನಡುವೆ ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ಎಂಬ ನಾಲ್ಕು ಬಗೆಯ ಜೇನುಗಳನ್ನು ಮನೆಮಾತಿನಲ್ಲೇ ಬೇರ್ಪಡಿಸಿ ಹೇಳುವ ಕಾಡು. ಸುಟ್ಟ ಗಾಯಕ್ಕೂ ಕೊಯ್ದ ಗಾಯಕ್ಕೂ ಜೇನುತುಪ್ಪ ಸವರುವುದು ಇಲ್ಲಿಯ ಹಳ್ಳಿಮದ್ದು. ಹುಳಿಮಿಶ್ರಿತ ರುಚಿಯ ಮಿಸರಿಯ ತುಪ್ಪವನ್ನು ಔಷಧಕ್ಕೆಂದೇ ತೆಗೆದಿಡುವುದು ವಾಡಿಕೆ. ಮಧುತ್ಯಾಗದ ವ್ರತ ಮತ್ತು ಮಧುವಿನ ಚಿಕಿತ್ಸೆ ಇವೆರಡೂ ಒಂದೇ ಊರಿನಲ್ಲಿ ನೆರೆಹೊರೆಯಾಗಿ ಬಾಳಿದ ಪ್ರದೇಶವಿದು.

ಮೊದಲು ವೈದ್ಯಶಾಸ್ತ್ರದ ಪಕ್ಷ. ಚರಕಸಂಹಿತೆಯಲ್ಲಿ ಮಧುವಿನ ಭೇದಗಳು ನಾಲ್ಕು, ಸುಶ್ರುತಸಂಹಿತೆಯಲ್ಲಿ ಎಂಟು. ಸುಶ್ರುತನು ಸೂತ್ರಸ್ಥಾನದ ದ್ರವದ್ರವ್ಯಾಧ್ಯಾಯದಲ್ಲಿ ಮಧುವಿಗೆ ಶೋಧನ, ರೋಪಣ ಗುಣಗಳನ್ನು ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವ್ರಣಕ್ಕೆ 60 ಉಪಕ್ರಮಗಳನ್ನು ನಿರೂಪಿಸುವಾಗ ಎಳ್ಳಿನ ಕಲ್ಕವನ್ನು ಬೇವಿನೆಲೆ ಮತ್ತು ಮಧುವಿನೊಡನೆ ಕೂಡಿಸಿದರೆ ಅದು ಶೋಧನವೆಂದೂ, ಅದಕ್ಕೇ ಘೃತವನ್ನು ಸೇರಿಸಿದರೆ ರೋಪಣವೆಂದೂ ಆತನು ವಿಭಾಗಿಸುತ್ತಾನೆ. ಎಂದರೆ ಕೊಳೆತ ವ್ರಣವನ್ನು ತೊಳೆಯುವ ಹಂತಕ್ಕೂ, ಶುದ್ಧವಾದ ವ್ರಣ ಕೂಡಿಕೊಳ್ಳುವ ಹಂತಕ್ಕೂ ಮಧು ಸಮಾನ. ಅವೆರಡನ್ನು ಬೇರ್ಪಡಿಸುವುದು ತುಪ್ಪ. ಈ ಸಣ್ಣ ವಿವರ ಮುಂದೆ ಪಾಠವಿಮರ್ಶೆಗೆ ಬಹಳ ಉಪಕಾರಿಯಾಗುವುದು. ಮಧುವಿನ ಈ ಉಪಯೋಗ ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಕ್ರಿಸ್ತಪೂರ್ವ ಸುಮಾರು 1600ರಲ್ಲಿ ಬರೆಯಲ್ಪಟ್ಟ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಗಾಯಕ್ಕೆ ಮೊದಲ ದಿನ ಹಸಿಮಾಂಸವನ್ನೂ, ಅನಂತರ ಪ್ರತಿದಿನ ಕೊಬ್ಬು ಮತ್ತು ಜೇನುತುಪ್ಪವನ್ನೂ ಕಟ್ಟಲು ಹೇಳುತ್ತದೆ. ಜೈನಾಚಾರ್ಯರು ಒಟ್ಟಾಗಿ ವರ್ಜಿಸಿದ ಎರಡು ದ್ರವ್ಯಗಳನ್ನು ಆ ಪ್ರಾಚೀನ ವೈದ್ಯನು ಒಟ್ಟಾಗಿಯೇ ವಿಧಿಸಿದ್ದಾನೆ.

ಇನ್ನು ಆಚಾರಶಾಸ್ತ್ರದ ಪಕ್ಷ. ಇಲ್ಲಿ ‘ಮಧು ನಿಷಿದ್ಧ’ ಎಂಬ ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸುವುದು ಗ್ರಂಥಕಾರರ ಸೂಕ್ಷ್ಮತೆಗೆ ಅನ್ಯಾಯವೆಸಗಿದಂತೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳೊಡನೆ ಮದ್ಯ ಮಾಂಸ ಮಧುಗಳ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣಗಳೆಂದು ಎಣಿಸುವರಷ್ಟೆ. ಆದರೆ ಕಾರಣವನ್ನು ಹೇಳುವಲ್ಲಿ ಅವರು ವಿಭಾಗ ಮಾಡುತ್ತಾರೆ: ಮಧು ಮಾಂಸಗಳ ತ್ಯಾಗ ತ್ರಸಜೀವಿಗಳ ಘಾತವನ್ನು ತಪ್ಪಿಸಲು, ಮದ್ಯದ ತ್ಯಾಗ ಪ್ರಮಾದವನ್ನು ತಪ್ಪಿಸಲು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹುಟ್ಟಿನಿಂದ ತಾನಾಗಿಯೇ ಸುರಿದ ಮಧುವನ್ನು ತೆಗೆದುಕೊಂಡರೂ ಅದನ್ನು ಆಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆಯಾಗುವುದೆಂದು ವಾದಿಸುತ್ತಾರೆ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ತುಪ್ಪವನ್ನು ಯಂತ್ರದಿಂದ ತಿರುಗಿಸಿ ತೆಗೆದರೆ ನೊಣ ಸಾಯುವುದಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಇಂದು ಹೇಳುವವರು ಈ ವಾದವನ್ನು ಎದುರಿಸಿಯೇ ಮುಂದೆ ಸಾಗಬೇಕಾಗುತ್ತದೆ.

ವ್ರಣಕ್ಕೆ ನೇರವಾಗಿ ಸಂಬಂಧಿಸಿದ ಭೇದ ಮುಂದಿನ ಇಬ್ಬರು ಗ್ರಂಥಕಾರರಲ್ಲಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಔಷಧಕ್ಕಾಗಿಯಾದರೂ ಮಧುವನ್ನು ತಿನ್ನುವುದು ನರಕಕಾರಣವೆಂದು ಹೇಳುತ್ತಾರೆ. ಇಲ್ಲಿಯ ನಿಷೇಧ ಭಕ್ಷಣೆಗೆ ಸಂಬಂಧಿಸಿದುದು. ಚರ್ಮದ ಮೇಲೆ ಲೇಪಿಸುವ ವಿಷಯದಲ್ಲಿ ಆ ಶ್ಲೋಕ ಮೌನವಾಗಿದೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಎಡೆಯನ್ನು ಮುಚ್ಚುತ್ತಾರೆ: ವ್ರತಿಯಾದವನು ಬಸ್ತಿ ಮೊದಲಾದ ಕರ್ಮಗಳಲ್ಲಿಯೂ ಮಧುವನ್ನು ಪ್ರಯೋಗಿಸಲಾಗದು. ಬಸ್ತಿಯ ಹೆಸರನ್ನೆತ್ತಿ ‘ಮೊದಲಾದ’ ಎಂದದ್ದರಿಂದ ಬಾಯಿಯ ಮೂಲಕ ಸೇವಿಸದ ಚಿಕಿತ್ಸೆಗಳೂ ನಿಷೇಧದ ವ್ಯಾಪ್ತಿಗೆ ಬರುತ್ತವೆ. ವ್ರಣಲೇಪವೂ ಅವುಗಳಲ್ಲಿ ಒಂದೆಂದು ಗ್ರಹಿಸುವುದು ನ್ಯಾಯ್ಯ. ಆದರೆ ಎರಡು ಅಂಶಗಳನ್ನು ಮರೆಯಲಾಗದು. ಮೊದಲನೆಯದು, ಈ ಮಾತು ವ್ರತಿಗೆ ಹೇಳಿದುದು. ಯಾರಿಗಾದರೂ ಚಿಕಿತ್ಸೆ ಮಾಡುವ ವೈದ್ಯನ ಗ್ರಂಥರಚನೆಗೆ ಹೇಳಿದುದಲ್ಲ. ಎರಡನೆಯದು, ಯಾವ ಆಚಾರವೂ ಇಲ್ಲದ ಕಡೆ ಅದನ್ನು ನಿಷೇಧಿಸುವ ಅಗತ್ಯ ಬೀಳುವುದಿಲ್ಲ. ಆಶಾಧರರು ಹೀಗೆ ಬಿಡಿಸಿ ಹೇಳಬೇಕಾಯಿತೆಂದರೆ, ಮಧುವನ್ನು ತಿನ್ನದವರೂ ಅದನ್ನು ಮದ್ದಾಗಿ ಬಳಸುತ್ತಿದ್ದ ಸಂಭವವನ್ನು ಅವರು ಎದುರಿಗಿಟ್ಟುಕೊಂಡಿದ್ದರೆಂದೇ ಊಹಿಸಬೇಕು.

ಈ ಹಿನ್ನೆಲೆಯಲ್ಲಿ ಸಾಹಿತ್ಯಚರಿತ್ರೆಯ ಹೇಳಿಕೆಗಳನ್ನು ಪರಿಶೀಲಿಸಬಹುದು. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕವು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಅದರ ಕೊನೆಯ ಹಿತಾಹಿತಾಧ್ಯಾಯ ನೃಪತುಂಗನ ಸಭೆಯಲ್ಲಿ ಪ್ರತಿಪಾದಿತವಾದುದೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಜೈನ ವೈದ್ಯದ ವೈಶಿಷ್ಟ್ಯಕ್ಕೆ ಈ ಅಧ್ಯಾಯವನ್ನೇ ಎಲ್ಲರೂ ಆಧಾರವಾಗಿ ತೋರಿಸುವುದು. ಆದರೆ ಅದರ ಮುಖ್ಯ ಪ್ರತಿಪಾದ್ಯ ಮಾಂಸದ ನಿರಾಕರಣ. ಮಾಂಸವು ಔಷಧವೂ ಅಲ್ಲ, ಹಿತವೂ ಅಲ್ಲ ಎಂದು ಸ್ಥಾಪಿಸಿದ ಯುಕ್ತಿಗಳನ್ನು ಮಧುವಿಗೆ ಹಾಗೆಯೇ ಹೊಂದಿಸಿ, ‘ಜೈನ ವೈದ್ಯರು ಮಧುವನ್ನೂ ಇದೇ ಬಗೆಯಲ್ಲಿ ನಿರಾಕರಿಸಿದರು’ ಎನ್ನುವುದು ಅತಿವ್ಯಾಪ್ತಿ. ಪೂಜ್ಯಪಾದರ ಕಲ್ಯಾಣಕಾರಕವನ್ನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ವಿಷಯದಲ್ಲಿ ಇ. ಪಿ. ರೈಸ್ ಅವರು ತಮ್ಮ ಇಂಗ್ಲಿಷ್ ಸಾಹಿತ್ಯಚರಿತ್ರೆಯಲ್ಲಿ, ಅಲ್ಲಿಯ ಚಿಕಿತ್ಸೆ ಪೂರ್ಣವಾಗಿ ಶಾಕಾಹಾರದ್ದು ಮತ್ತು ಮದ್ಯರಹಿತವಾದುದು ಎಂಬರ್ಥದ ಮಾತನ್ನು ಬರೆದರು. ಯುರೋಪಿನವರ ಬಳಕೆಯಲ್ಲಿ ‘ಶಾಕಾಹಾರ’ ಎಂಬುದು ಜೇನನ್ನು ಹೊರಗಿಡುವ ಪದವಲ್ಲ. ಆದ್ದರಿಂದ ಆ ಹೇಳಿಕೆಯಿಂದ ಮದ್ಯ ಮಾಂಸಗಳ ವರ್ಜನೆ ಸಿದ್ಧವಾಗುತ್ತದೆಯೇ ಹೊರತು ಮಧುವಿನದಲ್ಲ. ಮೂರನೆಯ ಪದಾರ್ಥವನ್ನು ಒಂದೊಂದು ಕೃತಿಯಲ್ಲಿಯೂ, ಒಂದೊಂದು ಯೋಗದಲ್ಲಿಯೂ ಪ್ರತ್ಯೇಕವಾಗಿ ಹುಡುಕಿ ನೋಡಿದ ಮೇಲೆಯೇ ವಿಶೇಷಣವನ್ನು ಬಳಸುವುದು ಉಚಿತ.

ಹಾಗೆ ಹುಡುಕುವ ಕೆಲಸ ಮೇಲ್ನೋಟಕ್ಕೆ ತೋರುವಷ್ಟು ಸುಲಭವಲ್ಲ. ಪದಸೂಚಿಯನ್ನು ನೋಡಿ ‘ಮಧು’ ಎಂಬುದು ಎಷ್ಟು ಕಡೆ ಬಂದಿದೆಯೆಂದು ಎಣಿಸುವವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ‘ಜ್ಯೇಷ್ಠಮಧು’ ಎಂದರೆ ಅತಿಮಧುರದ ಬೇರು; ‘ಮಧುಕ’ವೂ ಸಾಮಾನ್ಯವಾಗಿ ಅದೇ; ‘ಮಧೂಕ’ ಇಪ್ಪೆಯ ಮರ. ಇವು ಗಿಡಮೂಲಿಕೆಗಳು, ವ್ರಣಯೋಗಗಳಲ್ಲಿ ಹೇರಳವಾಗಿ ಬರುವಂತಹವು. ‘ಮಧು’ ಎಂಬ ಶಬ್ದಕ್ಕೇ ಸಂಸ್ಕೃತದಲ್ಲಿ ಮದ್ಯವೆಂಬ ಅರ್ಥವೂ ಉಂಟು. ‘ಮಾಕ್ಷಿಕ’ವು ಜೇನಿನ ಒಂದು ಭೇದವಾಗಿರುವಂತೆ ರಸಶಾಸ್ತ್ರದಲ್ಲಿ ಒಂದು ಖನಿಜದ ಹೆಸರೂ ಹೌದು. ಇದಕ್ಕೆ ವಿಪರೀತವಾಗಿ ‘ಕ್ಷೌದ್ರ’, ‘ಸಾರಘ’ ಎಂಬ ಹೆಸರುಗಳಲ್ಲಿ ಜೇನು ಸೂಚಿಯ ಕಣ್ಣಿಗೆ ಬೀಳದೆ ಉಳಿಯಬಹುದು. ‘ಸಿಕ್ಥ’ ಅಥವಾ ‘ಮಧೂಚ್ಛಿಷ್ಟ’ವೆಂಬ ಜೇನುಮೇಣ ಮುಲಾಮುಗಳಲ್ಲಿ ಸೇರುತ್ತದೆ, ಹುಟ್ಟನ್ನು ಕೀಳದೆ ಮೇಣ ದೊರೆಯದಾದ್ದರಿಂದ ಮಧುವನ್ನು ಬಿಟ್ಟು ಮೇಣವನ್ನು ಉಳಿಸಿಕೊಂಡ ಯೋಗವನ್ನು ‘ಮಧುವರ್ಜಿತ’ ಎನ್ನಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ಓಲೆಗರಿಯ ಬರಹದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅನೇಕ ಕಡೆ ಅಳಿಸಿಹೋಗಿರುವುದರಿಂದ ‘ಮಧು’, ‘ಮದು’, ‘ಮಧ್ಯ’, ‘ಮದ್ಯ’ಗಳ ನಿರ್ಣಯ ಸಂದರ್ಭದಿಂದಲೇ ಆಗಬೇಕು.

ಇವೆಲ್ಲಕ್ಕಿಂತ ಹೆಚ್ಚಿನ ತೊಡಕು ಅಚ್ಚಗನ್ನಡದ್ದು. ಕನ್ನಡದಲ್ಲಿ ‘ತುಪ್ಪ’ವೆಂದರೆ ಘೃತ, ‘ಜೇನುತುಪ್ಪ’ವೆಂದರೆ ಮಧು. ಸಂಸ್ಕೃತದಲ್ಲಿ ಘೃತಕ್ಕೂ ಕ್ಷೌದ್ರಕ್ಕೂ ಅಕ್ಷರಸಾಮ್ಯವಿಲ್ಲ. ಕನ್ನಡದಲ್ಲಿ ಎರಡಕ್ಷರ ಬಿಟ್ಟುಹೋದರೆ ಮಧುವೇ ಘೃತವಾಗುತ್ತದೆ. ಎಳ್ಳು, ಬೇವಿನೆಲೆ, ತುಪ್ಪ ಇವನ್ನು ಅರೆದು ಹುಣ್ಣಿಗೆ ಹಚ್ಚುವುದು ಎಂಬರ್ಥದ ಯೋಗವೊಂದು ಜೈನ ಮನೆತನದ ಓಲೆಯಲ್ಲಿ ದೊರೆತಿತೆಂದು ಭಾವಿಸಬಹುದು. ಇದನ್ನು ಕಂಡೊಡನೆ ಮಧುತ್ಯಾಗದ ನಿದರ್ಶನವೆಂದು ಹಿಗ್ಗುವುದು ಸಹಜ. ಆದರೆ ಸುಶ್ರುತನ ಯೋಗದೊಡನೆ ಇಟ್ಟು ನೋಡಿದರೆ ಮೂರು ಸಾಧ್ಯತೆಗಳು ತೋರುತ್ತವೆ. ರೋಪಣಯೋಗದಿಂದ ಮಧುವನ್ನು ಕವಿಯು ಬುದ್ಧಿಪೂರ್ವಕವಾಗಿ ಕೈಬಿಟ್ಟಿರಬಹುದು, ಇದು ಮೊದಲನೆಯದು. ಶೋಧನಯೋಗದ ‘ಜೇನುತುಪ್ಪ’ದಲ್ಲಿ ‘ಜೇನು’ ಎಂಬಷ್ಟು ಭಾಗ ಓಲೆ ಮುಕ್ಕಾಗಿಯೋ ಹುಳು ತಿಂದೋ ಹೋಗಿರಬಹುದು, ಇದು ಎರಡನೆಯದು. ‘ಜೇನುತುಪ್ಪ, ತುಪ್ಪ’ ಎಂದು ಒಟ್ಟಿಗೆ ಬಂದ ಕಡೆ ಲಿಪಿಕಾರನ ಕಣ್ಣು ಜಾರಿ ಒಂದನ್ನೇ ಬರೆದಿರಬಹುದು, ಇದು ಮೂರನೆಯದು. ಮೊದಲನೆಯದು ಆಚಾರ, ಎರಡನೆಯದು ಅಪಘಾತ, ಮೂರನೆಯದು ಪ್ರಮಾದ. ಫಲ ಮಾತ್ರ ಒಂದೇ.

ಇವುಗಳಲ್ಲಿ ಯಾವುದೆಂದು ನಿರ್ಣಯಿಸಲು ಸಾಧನಗಳಿಲ್ಲದೆ ಇಲ್ಲ. ಯೋಗವು ಹೇಳಿರುವುದು ಕೀವುಗಟ್ಟಿದ ದುಷ್ಟವ್ರಣಕ್ಕೋ ಶುದ್ಧವ್ರಣಕ್ಕೋ ಎಂಬುದನ್ನು ಮೊದಲು ನೋಡಬೇಕು. ದುಷ್ಟವ್ರಣಕ್ಕಾದರೆ ಘೃತವಲ್ಲ, ಮಧುವೇ ಮೂಲಪಾಠವಾಗಿದ್ದಿರುವ ಸಂಭವ ಹೆಚ್ಚು. ಕೃತಿ ಕಂದದಲ್ಲೋ ಸಾಂಗತ್ಯದಲ್ಲೋ ಇದ್ದರೆ ಲೋಪವನ್ನು ಛಂದಸ್ಸೇ ತೋರಿಸಿಕೊಡುತ್ತದೆ. ಗದ್ಯದ ಟೀಕಿನಲ್ಲಿ ಈ ಸಹಾಯವಿಲ್ಲ. ಅದೇ ಕಟ್ಟಿನ ಉಳಿದ ಯೋಗಗಳಲ್ಲಿ, ವಿಶೇಷವಾಗಿ ಕೆಮ್ಮು ಕಫಗಳ ಲೇಹ್ಯಗಳಲ್ಲಿ, ಜೇನು ಅನುಪಾನವಾಗಿ ನಿರಾತಂಕವಾಗಿ ಬರುತ್ತಿದ್ದರೆ ವ್ರಣಯೋಗದಲ್ಲಿ ಮಾತ್ರ ವ್ರತವನ್ನು ಕಾಣುವುದು ಅಸಂಗತ. ಪ್ರಮಾಣದ ಮಾತು ಬಂದ ಕಡೆ ಎಚ್ಚರ ಇನ್ನೂ ಹೆಚ್ಚಿರಬೇಕು. ಮಧು ಘೃತಗಳನ್ನು ಸಮಭಾಗದಲ್ಲಿ ಸೇವಿಸುವುದು ವಿರುದ್ಧವೆಂದು ಆಯುರ್ವೇದ ಸಾರುತ್ತದೆ. ಹೀಗಿರುವಾಗ ಸೇವಿಸುವ ಮದ್ದಿನ ಪಾಠದಲ್ಲಿ ‘ಜೇನು’ ಎಂಬುದನ್ನು ಸಂಪಾದಕನು ಸೇರಿಸುವುದಾಗಲಿ ಬಿಡುವುದಾಗಲಿ ಓದುವವನ ದೇಹಕ್ಕೆ ಮುಟ್ಟುವ ವಿಷಯವಾಗುತ್ತದೆ.

ಜೇನಿನ ಸ್ಥಾನದಲ್ಲಿ ಬೆಲ್ಲವೋ ಸಕ್ಕರೆಯೋ ಬಂದಿರುವ ಪಾಠಗಳದು ಮತ್ತೊಂದು ಬಗೆ. ಲೋಪ ಆಕಸ್ಮಿಕವಾಗಬಹುದು, ಪ್ರತಿನಿಧಿದ್ರವ್ಯ ಆಕಸ್ಮಿಕವಾಗಿ ಬರುವುದಿಲ್ಲ. ಅದು ಯಾರದೋ ಒಬ್ಬರ ವಿಚಾರಪೂರ್ವಕ ಕಾರ್ಯ. ಕವಿಯದೇ, ಪ್ರತಿಕಾರನದೇ, ಓಲೆಯನ್ನಿಟ್ಟುಕೊಂಡು ಮದ್ದು ಕೊಡುತ್ತಿದ್ದ ವೈದ್ಯನದೇ ಎಂಬುದು ಮುಂದಿನ ಪ್ರಶ್ನೆ. ಮಲೆನಾಡಿನಲ್ಲಿ ವೈದ್ಯದ ಕಟ್ಟುಗಳು ಮತದ ಗಡಿಯನ್ನು ದಾಟಿ ಸಂಚರಿಸಿದುದಕ್ಕೆ ಅವಕಾಶ ಬೇಕಾದಷ್ಟಿತ್ತು. ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಕನ್ನಡ ಲಿಪಿಯ ಓಲೆಗಳೊಡನೆ ತಿಗಳಾರಿ ಲಿಪಿಯ ಓಲೆಗಳೂ ಸಂಗ್ರಹವಾಗಿರುವುದು ಈ ಪ್ರದೇಶದ ಬಹುಮುಖ ವಿದ್ಯಾಪರಂಪರೆಗೆ ಸಾಕ್ಷಿ. ಜೈನನು ಪ್ರತಿ ಮಾಡಿಸಿದ ಗ್ರಂಥ ಜೈನಕೃತವೇ ಆಗಬೇಕಿಲ್ಲ. ವೀರಶೈವನ ಮನೆಯಲ್ಲಿ ದೊರೆತ ಗ್ರಂಥ ಜೈನಕೃತವಾಗಿರಬಾರದೆಂದೂ ಇಲ್ಲ. ಬೆಲ್ಲದ ಪಾಠವನ್ನು ಅಶುದ್ಧವೆಂದು ತಳ್ಳಿಹಾಕದೆ, ಮೂಲವೆಂದು ಮೇಲೆತ್ತದೆ, ಒಂದು ಆಚಾರದ ಚರಿತ್ರೆಗೆ ಸಾಕ್ಷಿಯೆಂದು ಪಾಠಾಂತರದಲ್ಲಿ ಕಾಪಾಡುವುದೇ ಸರಿಯಾದ ಮಾರ್ಗ. ಈ ಪ್ರತಿನಿಧಿ ವೈದ್ಯದೃಷ್ಟಿಯಿಂದ ನಿರರ್ಥಕವೂ ಅಲ್ಲ. ದಟ್ಟವಾದ ಸಕ್ಕರೆ ವ್ರಣದ ನೀರನ್ನು ಹೀರಿ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ. ಅಮೆರಿಕದ ಮಿಸಿಸಿಪ್ಪಿಯ ವೈದ್ಯರು ಸಕ್ಕರೆಯನ್ನು ಪೋವಿಡೋನ್ ಅಯೋಡಿನ್ನಿನೊಡನೆ ಬೆರೆಸಿ ಗಾಯಗಳಿಗೆ ಬಳಸಿದ ಅನುಭವವನ್ನು 1981ರಲ್ಲಿ ಪ್ರಕಟಿಸಿದರು.

ಆದರೆ ಜೇನು ಬರಿಯ ಸಕ್ಕರೆಯ ಪಾಕವಲ್ಲ. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಗಳು, ಸುಮಾರು 17ರಿಂದ 20 ಭಾಗ ನೀರು; ಅದು ಆಮ್ಲಗುಣವುಳ್ಳದ್ದು; ನೊಣದಿಂದ ಬಂದ ಒಂದು ಕಿಣ್ವ, ತೇವ ತಾಗಿದಾಗ, ಹೈಡ್ರೊಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಹುಟ್ಟಿಸುತ್ತದೆ. ಸುಶ್ರುತನ ಶೋಧನಶಬ್ದಕ್ಕೆ ಇಂದಿನ ರಸಾಯನಶಾಸ್ತ್ರ ಕೊಡುವ ವಿವರಣೆ ಇದು. ಕಲ್ಯಾಣಕಾರಕ ಅಚ್ಚಾದ ಸೊಲ್ಲಾಪುರದಲ್ಲಿಯೇ ಅರ್ಧಶತಮಾನದ ತರುವಾಯ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಅವರು 104 ಮಂದಿ ಸುಟ್ಟಗಾಯದ ರೋಗಿಗಳಲ್ಲಿ ಜೇನನ್ನೂ ಬೆಳ್ಳಿಯ ಸಲ್ಫಾ ಮುಲಾಮನ್ನೂ ಹೋಲಿಸಿ, ಜೇನು ಹೆಚ್ಚು ಬೇಗ ಗುಣ ನೀಡಿತೆಂದು 1991ರಲ್ಲಿ ಪ್ರಕಟಿಸಿದುದು ಒಂದು ಸ್ವಾರಸ್ಯದ ಸಂಗತಿ. 2015ರ ಕಾಕ್ರೇನ್ ಸಮೀಕ್ಷೆ 26 ಪ್ರಯೋಗಗಳನ್ನು ತೂಗಿ, ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯಗಳು ವಾಡಿಕೆಯ ಪಟ್ಟಿಗಳಿಗಿಂತ ಜೇನಿನಿಂದ ನಾಲ್ಕೈದು ದಿನ ಮೊದಲು ಮಾಯುತ್ತವೆಂದು ಹೇಳಿತು. ಕಾಲಿನ ಸಿರಾವ್ರಣಗಳಂತಹ ಹಳೆಯ ಹುಣ್ಣುಗಳಲ್ಲಿ ಅಂತಹ ಲಾಭವನ್ನು ಕಾಣಲಿಲ್ಲ. ಇದೇ ಸಮೀಕ್ಷೆಯ 2008ರ ಆವೃತ್ತಿ, ಸುಟ್ಟಗಾಯದ ಪ್ರಯೋಗಗಳು ಒಂದೇ ಕೇಂದ್ರದಿಂದ ಬಂದವೆಂದು ಎಚ್ಚರಿಸಿತ್ತು. ಹಸ್ತಪ್ರತಿವಿದರಿಗೆ ಈ ಎಚ್ಚರಿಕೆಯ ಮರ್ಮ ಬೇಗ ಹೊಳೆಯುವುದು: ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗುವುದಿಲ್ಲ.

ಮಳೆಯ ನಾಡಿನ ತುಪ್ಪದಲ್ಲಿ ನೀರಿನ ಅಂಶ ಹೆಚ್ಚಿ ಅದು ಬೇಗ ಹುಳಿಯುವುದು, ಮಾರಾಟದ ಜೇನಿನಲ್ಲಿ ಕಲಬೆರಕೆ ಸೇರುವುದು, ಹಸಿ ಜೇನಿನಲ್ಲಿ ಅಪಾಯಕಾರಿ ಬೀಜಾಣುಗಳಿರಬಹುದಾದ್ದರಿಂದ ಒಂದು ವರ್ಷದೊಳಗಿನ ಶಿಶುಗಳಿಗೆ ಅದನ್ನು ನೆಕ್ಕಿಸಬಾರದೆಂಬುದು, ಆಸ್ಪತ್ರೆಗಳಲ್ಲಿ ವಿಕಿರಣದಿಂದ ಶುದ್ಧಿಗೊಳಿಸಿದ ಜೇನನ್ನೇ ಗಾಯಕ್ಕೆ ಬಳಸುವುದು, ಇವು ಓಲೆಯ ಯೋಗವನ್ನು ಓದಿ ಪ್ರಯೋಗಕ್ಕೆ ಇಳಿಯುವವರು ತಿಳಿದಿರಬೇಕಾದ ಸಂಗತಿಗಳು. ಹಳೆಯ ಪಾಠ ಶುದ್ಧವಾದ ಮಾತ್ರಕ್ಕೆ ಇಂದಿನ ಸೀಸೆಯ ದ್ರವ್ಯ ಶುದ್ಧವಾಗುವುದಿಲ್ಲ.

ಹೀಗೆ ವಿಚಾರಿಸಿದಾಗ ‘ಮಧುವರ್ಜಿತ’ವೆಂಬ ವಿಶೇಷಣದ ಹಿಂದೆ ಎರಡು ಆತುರಗಳು ಕಾಣುತ್ತವೆ. ಒಂದು, ವ್ರತವನ್ನು ಸಮರ್ಥಿಸಲು ದ್ರವ್ಯದ ಗುಣವನ್ನೇ ಅಲ್ಲಗಳೆಯುವುದು. ಮತ್ತೊಂದು, ಗ್ರಂಥದ ಜೈನತ್ವವನ್ನು ಉಳಿಸಲು ಪಾಠವನ್ನೇ ತಿದ್ದುವುದು. ಎರಡೂ ಅನಾವಶ್ಯಕ. ಸಮಂತಭದ್ರರು ಮಧುವನ್ನು ಬಿಡಹೇಳಿದುದು ಅದು ನಿಷ್ಪ್ರಯೋಜಕವೆಂದಲ್ಲ, ತ್ರಸಜೀವಿಗಳ ಮೇಲಿನ ದಯೆಯಿಂದ. ಗುಣವಿಲ್ಲದ್ದನ್ನು ಬಿಡುವುದು ವಿವೇಕವಾದೀತು, ತ್ಯಾಗವಾಗದು. ವ್ರಣ ಮಾಯಿಸುವ ಶಕ್ತಿ ಜೇನಿಗೆ ಇರುವುದರಿಂದಲೇ ಅದನ್ನು ಬಿಟ್ಟವನ ವ್ರತಕ್ಕೆ ಬೆಲೆ. ಬೆಲ್ಲವನ್ನೋ ಅತಿಮಧುರವನ್ನೋ ಆಶ್ರಯಿಸಿದ ವೈದ್ಯನಿದ್ದರೆ ಅವನು ಆ ಬೆಲೆಯನ್ನು ತಿಳಿದೇ ತೆತ್ತವನು. ಅವನ ಓಲೆಯನ್ನು ಇಂದು ಸಂಪಾದಿಸುವವನು ಜೇನು ಇದ್ದ ಕಡೆ ಜೇನನ್ನೂ, ಬೆಲ್ಲ ಇದ್ದ ಕಡೆ ಬೆಲ್ಲವನ್ನೂ, ಮುಕ್ಕಾದ ಕಡೆ ಮುಕ್ಕನ್ನೂ ಇದ್ದಂತೆ ತೋರಿಸಬೇಕು. ಮಲೆನಾಡಿನ ಮಠ ಮನೆಗಳಲ್ಲಿರುವ ವೈದ್ಯದ ಕಟ್ಟುಗಳು ಬಿಚ್ಚಲ್ಪಟ್ಟಾಗ ಮೊದಲು ನೋಡಬೇಕಾದುದು ವ್ರಣಪ್ರಕರಣವನ್ನು, ಅದರಲ್ಲಿಯೂ ‘ತುಪ್ಪ’ ಎಂಬ ಪದದ ಹಿಂದಿನ ಎರಡಕ್ಷರದ ಎಡೆಯನ್ನು. ಜೈನ ವೈದ್ಯದ ನಿಜವಾದ ಚರಿತ್ರೆ ಬಹುಮಟ್ಟಿಗೆ ಆ ಎಡೆಯಲ್ಲಿ ಅಡಗಿದೆ.